ನರ ಕಸಿ ಶಸ್ತ್ರಚಿಕಿತ್ಸೆಗೆ ಕೋಡ್ ಹಾಕುವುದು ಹೇಗೆ?

ಬೆಂಗಳೂರು, ಮೈಸೂರು, ಮಂಗಳೂರುಗಳಲ್ಲಿ ಕುಳಿತು ಅಮೆರಿಕದ ಆಸ್ಪತ್ರೆಗಳ ಚಾರ್ಟ್‌ಗಳಿಗೆ, ಅಂದರೆ ಚಿಕಿತ್ಸಾ ದಾಖಲೆಗಳಿಗೆ, ವಿಮೆಯ ಬಿಲ್ಲಿಗಾಗಿ ಕೋಡ್ ಹಾಕುವ ಓದುಗರಿಂದ ಒಂದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತಿದೆ: ನರ ಕಸಿಯ ಚಾರ್ಟ್ ಎದುರಾದರೆ 64885ರಿಂದ 64913ರವರೆಗಿನ ಕೋಡ್‌ಗಳ ಸಾಲಿನಲ್ಲಿ ಯಾವುದನ್ನು ಆರಿಸಬೇಕು? ಉಳಿದ ಶಸ್ತ್ರಚಿಕಿತ್ಸೆಗಳನ್ನು ಸಲೀಸಾಗಿ ಮುಗಿಸುವವರೂ ಇಲ್ಲಿ ತಡವರಿಸುತ್ತಾರೆ. ಈ ಕೋಡ್‌ಗಳ ವಿವರಣೆ ಒಂದೊಂದು ಸಾಲಿನಷ್ಟೇ ಇದೆ. ಆದರೆ ಆ ಸಾಲಿನ ಪ್ರತಿ ಪದವೂ ನಿಮ್ಮಿಂದ ಒಂದು ತೀರ್ಮಾನ ಕೇಳುತ್ತದೆ.

ನಾನು ಒತ್ತಿ ಹೇಳುವುದು ಇಷ್ಟು: ಉತ್ತರ ಇರುವುದು ಆಪರೇಟಿವ್ ನೋಟ್‌ನ ಒಡಲಿನಲ್ಲಿ, ಅದರ ತಲೆಬರಹದಲ್ಲಿ ಅಲ್ಲ. ಆಪರೇಟಿವ್ ನೋಟ್ ಎಂದರೆ ಶಸ್ತ್ರಚಿಕಿತ್ಸಕರು ತಾವು ಮಾಡಿದ್ದನ್ನು ಹಂತ ಹಂತವಾಗಿ ಬರೆದಿಡುವ ದಾಖಲೆ. ಅದು ಮೌನವಾಗಿರುವ ಕಡೆ ನಾವು ಊಹಿಸಬಾರದು. ತಪ್ಪು ಕೋಡಿನಿಂದ ವಿಮಾ ಕಂಪನಿ ಹಣ ತಡೆಹಿಡಿದರೆ, ಕೈಯ ಸ್ಪರ್ಶಜ್ಞಾನವನ್ನೇ ಕಳೆದುಕೊಂಡು ಕುಳಿತಿರುವ ರೋಗಿಯ ಮನೆಗೆ ದೊಡ್ಡ ಮೊತ್ತದ ಬಿಲ್ ಹೋಗುವ ಸಾಧ್ಯತೆ ಇರುತ್ತದೆ.

ಮೊದಲು ಇವನ್ನು ಮೇಜಿನ ಮೇಲೆ ಇಟ್ಟುಕೊಳ್ಳಿ

ಚಿಕಿತ್ಸೆ ನಡೆದ ವರ್ಷದ ಸಿಪಿಟಿ ಪುಸ್ತಕ ಬೇಕು. ವೈದ್ಯರು ಮಾಡಿದ ಕೆಲಸಕ್ಕೆ ಕೊಡುವ ಐದಂಕಿಯ ಕೋಡ್‌ಗಳು ಅದರಲ್ಲಿವೆ. ಅದು ಅಮೆರಿಕನ್ ಮೆಡಿಕಲ್ ಅಸೋಸಿಯೇಷನ್‌ನ ಸೊತ್ತು, ಪ್ರತಿ ಜನವರಿ 1ಕ್ಕೆ ಬದಲಾಗುತ್ತದೆ. ರೋಗ ಅಥವಾ ಗಾಯವನ್ನು ಹೇಳುವ ಐಸಿಡಿ-10-ಸಿಎಂ ಕೋಡ್‌ಗಳ ಹೊಸ ಆವೃತ್ತಿ ಅಕ್ಟೋಬರ್ 1ಕ್ಕೆ ಜಾರಿಗೆ ಬರುತ್ತದೆ. ಯಾವ ಎರಡು ಕೋಡ್‌ಗಳನ್ನು ಒಟ್ಟಿಗೆ ಹಾಕಬಾರದು ಎಂದು ಮೆಡಿಕೇರ್, ಅಂದರೆ ಅಮೆರಿಕ ಸರ್ಕಾರದ ಆರೋಗ್ಯ ವಿಮೆ, ಪ್ರಕಟಿಸುವ ಎನ್‌ಸಿಸಿಐ ಎಡಿಟ್ ಪಟ್ಟಿ ಮೂರು ತಿಂಗಳಿಗೊಮ್ಮೆ ಬದಲಾಗುತ್ತದೆ. ಇವುಗಳ ಜೊತೆಗೆ ರೋಗಿಯ ವಿಮಾ ಕಂಪನಿಯ ನೀತಿಪತ್ರವನ್ನೂ, ಶಸ್ತ್ರಚಿಕಿತ್ಸಾ ಕೊಠಡಿಯ ಇಂಪ್ಲಾಂಟ್ ದಾಖಲೆಯನ್ನೂ ತೆರೆದಿಡಿ. ಇಂಪ್ಲಾಂಟ್ ದಾಖಲೆಯನ್ನು ಹಲವರು ನೋಡುವುದೇ ಇಲ್ಲ. ನರದ ಅಂತರವನ್ನು ತುಂಬಲು ಯಾವ ವಸ್ತು ಬಳಸಿದರು, ಎಷ್ಟು ಉದ್ದದ್ದು ಎಂಬುದು ಬಹುಪಾಲು ಅಲ್ಲಿಯೇ ಸಿಗುತ್ತದೆ.

1. ನಡೆದದ್ದು ಕಸಿಯೇ ಎಂದು ಖಚಿತಪಡಿಸಿಕೊಳ್ಳಿ

ಕತ್ತರಿಸಿದ ನರದ ಎರಡು ತುದಿಗಳನ್ನು ಎಳೆತವಿಲ್ಲದೆ ಕೂಡಿಸಿ ಹೊಲಿಯಲು ಆದರೆ ಅದು ನೇರ ಜೋಡಣೆ. ಅದಕ್ಕೆ 64831ರಿಂದ ಶುರುವಾಗುವ ಹೊಲಿಗೆ ಕೋಡ್‌ಗಳಿವೆ. ತುದಿಗಳ ನಡುವೆ ಅಂತರ ಉಳಿದು, ಅದನ್ನು ಇನ್ನೊಂದು ನರದ ತುಂಡಿನಿಂದ ತುಂಬಿದರೆ ಮಾತ್ರ ಕಸಿ.

ಕೆಲಸ ಮಾಡುತ್ತಿರುವ ಪಕ್ಕದ ನರದ ಕವಲೊಂದನ್ನು ತಿರುಗಿಸಿ ಸತ್ತ ನರಕ್ಕೆ ಜೋಡಿಸುವುದು ನರ ವರ್ಗಾವಣೆ. ಅದು ಕಸಿ ಅಲ್ಲ. ಅಂಥ ನೋಟ್ ಬಂದಾಗ ಕಸಿಯ ಕೋಡ್‌ಗೆ ಒತ್ತಾಯದಿಂದ ತುರುಕಬೇಡಿ, ಹಿರಿಯರಿಗೆ ತೋರಿಸಿ. ಅಂಟಿಕೊಂಡ ನರವನ್ನು ಬಿಡಿಸುವುದು ನ್ಯೂರೋಲಿಸಿಸ್. ಅದೂ ಬೇರೆ ಕೆಲಸ.

2. ಅಂತರವನ್ನು ಯಾವುದರಿಂದ ತುಂಬಿದರು?

ಇಡೀ ಕೋಡಿಂಗ್ ತಿರುಗುವುದು ಈ ಪ್ರಶ್ನೆಯ ಸುತ್ತಲೇ. ನಾಲ್ಕು ಸಾಧ್ಯತೆಗಳಿವೆ.

ರೋಗಿಯದೇ ನರ: ಇದನ್ನು ಆಟೋಗ್ರಾಫ್ಟ್ ಎನ್ನುತ್ತಾರೆ. ಹೆಚ್ಚಾಗಿ ಬಳಸುವುದು ಮೀನಖಂಡದ ಹಿಂಬದಿಯಲ್ಲಿ ಇಳಿಯುವ ಸೂರಲ್ ನರ. ಅದನ್ನು ತೆಗೆದರೆ ಪಾದದ ಹೊರ ಅಂಚಿನಲ್ಲಿ ಸ್ವಲ್ಪ ಭಾಗ ಜೋಮು ಹಿಡಿದಂತಾಗುತ್ತದೆ, ನಡಿಗೆಗೆ ತೊಂದರೆ ಇಲ್ಲ. ಆಟೋಗ್ರಾಫ್ಟ್‌ಗೆ 64885ರಿಂದ 64902ರವರೆಗಿನ ಕೋಡ್‌ಗಳು.

ದಾನಿಯ ನರ: ಮೃತ ದಾನಿಯ ನರವನ್ನು ಸಂಸ್ಕರಿಸಿ, ಜೀವಕೋಶಗಳನ್ನು ತೆಗೆದು ಸಿದ್ಧಪಡಿಸಿದ ಅಲೋಗ್ರಾಫ್ಟ್. ಇದಕ್ಕೆ 64912, ಪಕ್ಕಪಕ್ಕದಲ್ಲಿ ಕಸಿಯ ಹೆಚ್ಚುವರಿ ಎಳೆಗಳಿದ್ದರೆ 64913. ಈ ಎರಡೂ 2018ರಲ್ಲಿ ಬಂದವು. ಅದಕ್ಕಿಂತ ಹಳೆಯ ಚೀಟಿಗಳನ್ನು ನಂಬಿ ಕೆಲಸ ಮಾಡುವವರು ಇನ್ನೂ ಇದ್ದಾರೆ. ದಯವಿಟ್ಟು ಅವನ್ನು ಎಸೆಯಿರಿ.

ಕೃತಕ ನಳಿಕೆ: ಕೊಲಾಜೆನ್ ಮುಂತಾದವುಗಳಿಂದ ಮಾಡಿದ ಕೊಳವೆ. ಎರಡು ತುದಿಗಳನ್ನು ಅದರೊಳಗೆ ಕೂರಿಸುತ್ತಾರೆ. ನರ ತಾನೇ ಅದರ ಒಳಗೆ ಬೆಳೆಯಬೇಕು. ಕೋಡ್ 64910.

ರೋಗಿಯದೇ ರಕ್ತನಾಳ: ಸಣ್ಣ ಅಭಿಧಮನಿಯ ತುಂಡನ್ನು ಕೊಳವೆಯಂತೆ ಬಳಸುವುದು. ಕೋಡ್ 64911. ಅಭಿಧಮನಿ ತೆಗೆದ ಕೆಲಸವೂ ಇದರಲ್ಲೇ ಸೇರಿದೆ.

ಎಚ್ಚರಿಕೆ: ತಲೆಬರಹದಲ್ಲಿ "ನರ ಕಸಿ" ಎಂದಿದ್ದು, ಒಳಗೆ ನೋಡಿದರೆ ಎರಡು ಸೆಂಟಿಮೀಟರಿನ ಕೊಲಾಜೆನ್ ಕೊಳವೆ ಕೂರಿಸಿರುವ ನೋಟ್‌ಗಳು ಬೇಕಾದಷ್ಟು ಬರುತ್ತವೆ. ಅದು 64890 ಅಲ್ಲ, 64910. ಅಲೋಗ್ರಾಫ್ಟಿನ ತುದಿಗಳಲ್ಲಿ ಜೋಡಣೆಯ ಭದ್ರತೆಗೆ ಪುಟ್ಟ ಕೊಳವೆ ಹಾಕಿದ್ದರೆ ಅದೇ ನರಕ್ಕೆ 64912ರ ಜೊತೆ 64910 ಸೇರಿಸಬೇಡಿ. ಒಂದು ನರದ ಒಂದು ಅಂತರಕ್ಕೆ ಒಂದೇ ದುರಸ್ತಿ.

3. ಜಾಗ, ಎಳೆ, ಉದ್ದ

ಆಟೋಗ್ರಾಫ್ಟ್ ಎಂದು ಗೊತ್ತಾದ ಮೇಲೆ ಇನ್ನೂ ಮೂರು ವಿವರ ಬೇಕು.

ಜಾಗ: ತಲೆ ಅಥವಾ ಕುತ್ತಿಗೆಯಾದರೆ 64885 ಮತ್ತು 64886. ಮುಖದ ನರ, ಬುದ್ಧಿಹಲ್ಲು ತೆಗೆಯುವಾಗ ಪೆಟ್ಟಾದ ದವಡೆಯ ನರ ಇಲ್ಲಿಗೆ ಬರುತ್ತವೆ. ಇಲ್ಲಿ ಎಳೆಗಳ ಲೆಕ್ಕವಿಲ್ಲ, ಉದ್ದ ಮಾತ್ರ ನೋಡಬೇಕು. ಅಂಗೈ (ಬೆರಳುಗಳೂ ಸೇರಿ) ಅಥವಾ ಪಾದವಾದರೆ ಒಂದು ಗುಂಪು, ತೋಳು ಅಥವಾ ಕಾಲಾದರೆ ಇನ್ನೊಂದು. ಇಲ್ಲಿ ಜಾಗ ಎಂದರೆ ದುರಸ್ತಿಯಾದ ನರದ ಜಾಗ. ಸೂರಲ್ ನರವನ್ನು ಕಾಲಿನಿಂದ ತೆಗೆದರು ಎಂಬ ಕಾರಣಕ್ಕೆ ಕಾಲಿನ ಕೋಡ್ ಹಾಕುವುದು ಹೊಸಬರ ಸಾಮಾನ್ಯ ತಪ್ಪು.

ಎಳೆ: ಬೆರಳಿನ ಸಣ್ಣ ನರಕ್ಕೆ ಕಸಿಯ ಒಂದೇ ಎಳೆ ಸಾಕು. ತೋಳಿನಿಂದ ಅಂಗೈಗೆ ಇಳಿಯುವ ಮೀಡಿಯನ್ ನರದಂತಹ ದಪ್ಪ ನರಕ್ಕೆ ತೆಳ್ಳಗಿನ ಸೂರಲ್ ನರ ಒಂದೇ ಸಾಲದು. ಅದನ್ನು ಮೂರು ನಾಲ್ಕು ತುಂಡು ಮಾಡಿ, ಹಗ್ಗದ ಹುರಿಗಳಂತೆ ಪಕ್ಕಪಕ್ಕದಲ್ಲಿ ಜೋಡಿಸಿ ಇಡುತ್ತಾರೆ. ಇದೇ ಕೇಬಲ್ ಗ್ರಾಫ್ಟ್.

ಉದ್ದ: ಗಡಿ 4 ಸೆಂಟಿಮೀಟರ್. ಸರಿಯಾಗಿ 4 ಇದ್ದರೆ ಅದು "4ರವರೆಗೆ" ಎಂಬ ಕೋಡಿಗೇ ಸೇರುತ್ತದೆ.

ಮೂರನ್ನೂ ಕೂಡಿಸಿದರೆ ಹೀಗೆ:

ಅಂಗೈ/ಪಾದ, ಒಂದೇ ಎಳೆ: 4 ಸೆಂ.ಮೀ.ವರೆಗೆ 64890, ಹೆಚ್ಚಾದರೆ 64891
ತೋಳು/ಕಾಲು, ಒಂದೇ ಎಳೆ: 64892, ಹೆಚ್ಚಾದರೆ 64893
ಅಂಗೈ/ಪಾದ, ಕೇಬಲ್: 64895, ಹೆಚ್ಚಾದರೆ 64896
ತೋಳು/ಕಾಲು, ಕೇಬಲ್: 64897, ಹೆಚ್ಚಾದರೆ 64898

ಎಚ್ಚರಿಕೆ: ಕೇಬಲ್ ಗ್ರಾಫ್ಟ್‌ನಲ್ಲಿ ಎಳೆಗಳ ಉದ್ದವನ್ನು ಕೂಡಿಸಬಾರದು. ಮೂರೂವರೆ ಸೆಂಟಿಮೀಟರಿನ ಮೂರು ಎಳೆಗಳನ್ನು ಹತ್ತೂವರೆ ಎಂದು ಲೆಕ್ಕ ಹಾಕಿ 64898 ಹಾಕಿದರೆ ಅದು ಅಧಿಕ ಬಿಲ್ಲಿಂಗ್. ಎಳೆಗಳು ಹೆಚ್ಚಿರುವುದಕ್ಕೆ ಕೇಬಲ್ ಕೋಡ್ ಈಗಾಗಲೇ ಲೆಕ್ಕ ಕೊಟ್ಟಿದೆ. ಹಾಗೆಯೇ "ಕಾಲಿನಿಂದ 15 ಸೆಂ.ಮೀ. ಸೂರಲ್ ನರ ತೆಗೆಯಲಾಯಿತು" ಎಂಬ ಸಾಲಿನಿಂದ ಉದ್ದ ತೆಗೆದುಕೊಳ್ಳಬೇಡಿ. ತೆಗೆದದ್ದು ಬೇರೆ, ಕೂರಿಸಿದ್ದು ಬೇರೆ.

ನೋಟ್‌ನಲ್ಲಿ ಉದ್ದವೋ ಎಳೆಯ ವಿವರವೋ ಇಲ್ಲದಿದ್ದರೆ ಶಸ್ತ್ರಚಿಕಿತ್ಸಕರಿಗೆ ಕ್ವೆರಿ, ಅಂದರೆ ಲಿಖಿತ ಪ್ರಶ್ನೆ, ಕಳುಹಿಸಿ. ಕ್ವೆರಿ ಉತ್ತರವನ್ನು ಬಾಯಿಗೆ ತುರುಕುವಂತಿರಬಾರದು. "ಕಸಿ 4 ಸೆಂ.ಮೀ.ಗಿಂತ ಹೆಚ್ಚಿತ್ತು ಅಲ್ಲವೇ?" ಎಂದು ಕೇಳಬೇಡಿ. "ಕೂರಿಸಿದ ಕಸಿಯ ಉದ್ದವನ್ನೂ ಎಳೆಗಳ ಸಂಖ್ಯೆಯನ್ನೂ ದಯವಿಟ್ಟು ದಾಖಲಿಸಿ" ಎಂದು ಕೇಳಿ. ಉತ್ತರ ಬರುವ ತನಕ ಚಾರ್ಟ್ ತಡೆಹಿಡಿಯಿರಿ. ದಿನದ ಗುರಿ ತಪ್ಪುತ್ತದೆ ಎಂದು ಚಿಕ್ಕ ಕೋಡ್ ಹಾಕಿ ಕಳುಹಿಸುವುದೂ ತಪ್ಪೇ. ಅದರಿಂದ ಆಸ್ಪತ್ರೆಗೆ ನ್ಯಾಯವಾಗಿ ಬರಬೇಕಾದ ಹಣ ಹೋಗುತ್ತದೆ.

4. ಒಂದಕ್ಕಿಂತ ಹೆಚ್ಚು ನರಗಳಿದ್ದರೆ

ಆಟೋಗ್ರಾಫ್ಟ್‌ನಲ್ಲಿ ಎರಡನೆಯ ನರಕ್ಕೆ ಆಡ್-ಆನ್ ಕೋಡ್‌ಗಳಿವೆ: ಒಂದೇ ಎಳೆಯಾದರೆ 64901, ಕೇಬಲ್ ಆದರೆ 64902. ಆಡ್-ಆನ್ ಎಂದರೆ ಮುಖ್ಯ ಕೋಡ್ ಇಲ್ಲದೆ ಒಂಟಿಯಾಗಿ ಹಾಕಲಾಗದ ಕೋಡ್. ಅದಕ್ಕೆ ಮಾಡಿಫೈಯರ್ 51, ಅಂದರೆ ಒಂದೇ ಸಲ ಹಲವು ಶಸ್ತ್ರಚಿಕಿತ್ಸೆ ನಡೆದವು ಎಂದು ತಿಳಿಸಲು ಕೋಡಿನ ಬಾಲಕ್ಕೆ ಸೇರಿಸುವ ಗುರುತು, ಹಾಕಬಾರದು.

ಅಲೋಗ್ರಾಫ್ಟ್‌ನ ರೀತಿ ಬೇರೆ. ಇಲ್ಲಿ 64913 ಹೆಚ್ಚುವರಿ ನರಕ್ಕಲ್ಲ, ಅದೇ ನರದ ಹೆಚ್ಚುವರಿ ಎಳೆಗೆ. ಎರಡನೆಯ ನರಕ್ಕೆ 64912ನ್ನೇ ಮತ್ತೊಮ್ಮೆ ಹಾಕಬೇಕು. ಒಂದು ನರಕ್ಕೆ ಮೂರು ಎಳೆಯ ಅಲೋಗ್ರಾಫ್ಟ್ ಆಗಿದ್ದರೆ 64912 ಒಂದು ಸಲ, 64913 ಎರಡು ಸಲ. 64901ನ್ನು ನೋಡಿದ ಕಣ್ಣಿನಿಂದಲೇ 64913ನ್ನು ನೋಡಿ ಎಡವುವವರು ಬಹಳ.

ಪ್ರತಿ ಬೆರಳಿಗೂ ಅಂಗೈ ಕಡೆಯಲ್ಲಿ ಎರಡು ನರಗಳಿವೆ ಎಂಬುದು ನೆನಪಿರಲಿ. ಹೆಬ್ಬೆರಳಿನ ಕಡೆಯದು ರೇಡಿಯಲ್, ಕಿರುಬೆರಳಿನ ಕಡೆಯದು ಅಲ್ನರ್. ಒಂದೇ ಬೆರಳಿನಲ್ಲಿ ಎರಡೂ ದುರಸ್ತಿಯಾದರೆ ಅವು ಎರಡು ನರಗಳೇ.

5. ಪ್ರತ್ಯೇಕವಾಗಿ ಹಾಕಬಾರದವು

ಹೆಚ್ಚು ಡಿನಯಲ್ ಬರುವುದು ಇಲ್ಲಿಂದ. ಡಿನಯಲ್ ಎಂದರೆ ವಿಮಾ ಕಂಪನಿ ಹಣ ಕೊಡಲು ನಿರಾಕರಿಸುವುದು.

ಆಟೋಗ್ರಾಫ್ಟ್ ಕೋಡ್‌ನ ವಿವರಣೆಯಲ್ಲೇ "ಕಸಿ ಪಡೆಯುವುದೂ ಸೇರಿ" ಎಂದಿದೆ. ಹಾಗಾಗಿ ಸೂರಲ್ ನರ ತೆಗೆದದ್ದಕ್ಕೆ ಬೇರೆ ಕೋಡ್ ಇಲ್ಲ. ಎರಡು ತುದಿಗಳ ಹೊಲಿಗೆಯೂ ಒಳಗೇ ಇದೆ, ಆದ್ದರಿಂದ ಅದೇ ನರಕ್ಕೆ 64831 ಅಥವಾ 64857 ಸೇರಿಸಬೇಡಿ. ಅದೇ ನರವನ್ನು ಸುತ್ತಲಿನ ಗಾಯದ ಅಂಗಾಂಶದಿಂದ ಬಿಡಿಸಿದ್ದು, ಹಾಳಾದ ತುದಿಗಳನ್ನು ಆರೋಗ್ಯಕರ ಭಾಗದವರೆಗೆ ಕತ್ತರಿಸಿದ್ದು, ಗಾಯ ತೆರೆದು ಪರಿಶೀಲಿಸಿದ್ದು, ಚರ್ಮ ಹೊಲಿದದ್ದು, ಕೊನೆಗೆ ಸ್ಪ್ಲಿಂಟ್ ಕಟ್ಟಿದ್ದು ಎಲ್ಲವೂ ಮುಖ್ಯ ಕೋಡಿನಲ್ಲಿ ಅಡಕ.

64872 ಇನ್ನೊಂದು ಬಲೆ. ಅದು ತಡವಾಗಿ ಮಾಡಿದ ಹೊಲಿಗೆಗೆ ಇರುವ ಆಡ್-ಆನ್. ಗಾಯವಾಗಿ ಮೂರು ತಿಂಗಳ ಮೇಲೆ ಕಸಿ ಮಾಡಿದರು ಎಂದು ಅದನ್ನು ಕಸಿಯ ಕೋಡಿಗೆ ಅಂಟಿಸುತ್ತಾರೆ. ಅದು ಹೊಲಿಗೆ ಕೋಡ್‌ಗಳ ಜೊತೆಗೆ ಮಾತ್ರ ಬರುವಂಥದ್ದು.

ಸ್ನಾಯುರಜ್ಜು, ಮೂಳೆ, ರಕ್ತನಾಳಗಳ ದುರಸ್ತಿ ಮಾತ್ರ ಬೇರೆಯೇ ಕೆಲಸ, ಅವಕ್ಕೆ ಅವುಗಳದೇ ಕೋಡ್ ಇದೆ. ಅವನ್ನು ಬಿಟ್ಟುಬಿಡಬೇಡಿ.

6. ಸೂಕ್ಷ್ಮದರ್ಶಕ

ಶಸ್ತ್ರಚಿಕಿತ್ಸೆಯ ಸೂಕ್ಷ್ಮದರ್ಶಕಕ್ಕೆ ಆಡ್-ಆನ್ ಕೋಡ್ 69990. ಕನ್ನಡಕಕ್ಕೆ ಜೋಡಿಸಿದ ಭೂತಗನ್ನಡಿಗೆ, ಅಂದರೆ ಲೂಪ್‌ಗೆ, ಇದು ಸಲ್ಲುವುದಿಲ್ಲ. ಸೂಕ್ಷ್ಮದರ್ಶಕವನ್ನು ತಂದು ಅದರಡಿ ಏನು ಮಾಡಿದರು ಎಂಬುದು ನೋಟ್‌ನಲ್ಲಿ ಇರಬೇಕು. 64912 ಮತ್ತು 64913ರ ಜೊತೆ 69990 ಹಾಕಬಾರದೆಂದು ಸಿಪಿಟಿಯೇ ಹೇಳುತ್ತದೆ. ಮೆಡಿಕೇರ್ ಇನ್ನೂ ಬಿಗಿ: ತಾನು ಪಟ್ಟಿ ಮಾಡಿದ ಕೋಡ್‌ಗಳ ಜೊತೆಗೆ ಮಾತ್ರ ಪ್ರತ್ಯೇಕ ಹಣ ಕೊಡುತ್ತದೆ. 69990 ಬರೆಯುವ ಮೊದಲು ಪ್ರತಿ ಸಲವೂ ಆ ಪಟ್ಟಿ ತೆರೆದು ನೋಡಿ.

7. ಗಾಯದ ಕೋಡ್

ನರದ ಗಾಯಕ್ಕೆ ಐಸಿಡಿಯಲ್ಲಿ ಮಟ್ಟವೇ ಮುಖ್ಯ. ಮೀಡಿಯನ್ ನರ ಮುಂಗೈಯಲ್ಲಿ ತುಂಡಾದರೆ ಎಸ್54, ಮಣಿಕಟ್ಟು ಅಥವಾ ಅಂಗೈಯಲ್ಲಾದರೆ ಎಸ್64, ಮೇಲ್ತೋಳಿನಲ್ಲಾದರೆ ಎಸ್44. ಮಣಿಕಟ್ಟನ್ನು ಐಸಿಡಿ ಅಂಗೈ ಜೊತೆ ಸೇರಿಸಿದೆ. ಸಿಪಿಟಿ ಕೇಳುವುದು ಅಂಗೈಯೋ ತೋಳೋ ಎಂದು. ಹಾಗಾಗಿ ಐಸಿಡಿ ಎಸ್64 ಇದೆ ಎಂದು ಸಿಪಿಟಿಯಲ್ಲಿ ಕಣ್ಣು ಮುಚ್ಚಿ ಅಂಗೈ ಕೋಡ್ ಹಾಕಬೇಡಿ. ಕಸಿ ಕೂತ ಜಾಗವನ್ನು ನೋಟ್‌ನಿಂದಲೇ ತೆಗೆಯಿರಿ.

ಐಸಿಡಿ ಕೋಡಿನ ಏಳನೆಯ ಅಕ್ಷರದ ಬಗ್ಗೆ ಬರುವಷ್ಟು ಪ್ರಶ್ನೆ ಬೇರೆ ಯಾವುದರ ಬಗ್ಗೆಯೂ ಬರುವುದಿಲ್ಲ. ಗಾಯವಾಗಿ ತಿಂಗಳುಗಳೇ ಕಳೆದಿವೆ, ಬೇರೆ ವೈದ್ಯರು ನೋಡಿದ್ದಾರೆ, ಹಾಗಿದ್ದರೂ "ಎ" ಹಾಕಬಹುದೇ? ಹಾಕಬೇಕು. "ಎ" ಹೇಳುವುದು ಮೊದಲ ಭೇಟಿಯನ್ನಲ್ಲ, ಸಕ್ರಿಯ ಚಿಕಿತ್ಸೆಯನ್ನು. ತುಂಡಾದ ನರಕ್ಕೆ ಶಸ್ತ್ರಚಿಕಿತ್ಸೆ ಮಾಡುವುದು ಸಕ್ರಿಯ ಚಿಕಿತ್ಸೆಯೇ. ಆಮೇಲಿನ ವಾಸಿಯಾಗುವ ಹಂತದ ಭೇಟಿಗಳಿಗೆ "ಡಿ".

ಕ್ರಮದಲ್ಲೂ ನಿಯಮವಿದೆ. ಪ್ರಧಾನ ಗಾಯ ನರಕ್ಕೇ ಆಗಿದ್ದರೆ ನರದ ಕೋಡ್ ಮೊದಲು. ಬೇರೆ ದೊಡ್ಡ ಗಾಯದ ಜೊತೆ ನರಕ್ಕೆ ಅಲ್ಪ ಪೆಟ್ಟಾಗಿದ್ದರೆ ಅದು ಆಮೇಲೆ. ತೆರೆದ ಗಾಯವಿದ್ದರೆ ಅದರ ಕೋಡನ್ನೂ, ಗಾಜು, ಚಾಕು ಮುಂತಾದ ಬಾಹ್ಯ ಕಾರಣದ ಕೋಡನ್ನೂ ಸೇರಿಸಿ.

8. ಮಾಡಿಫೈಯರ್‌ಗಳು

ಮಾಡಿಫೈಯರ್ ಎಂದರೆ ಕೋಡಿನ ಬಾಲಕ್ಕೆ ಸೇರಿಸುವ ಎರಡು ಅಕ್ಷರ ಅಥವಾ ಅಂಕಿ. ಬೆರಳುಗಳಿಗೆ ಎಡಗೈಯಲ್ಲಿ ಹೆಬ್ಬೆರಳಿನಿಂದ ಎಫ್‌ಎ, ಎಫ್1ರಿಂದ ಎಫ್4. ಬಲಗೈಯಲ್ಲಿ ಹೆಬ್ಬೆರಳು ಎಫ್5, ತೋರುಬೆರಳು ಎಫ್6, ಕಿರುಬೆರಳು ಎಫ್9. ಕೈ ಕಾಲುಗಳಿಗೆ ಆರ್‌ಟಿ ಬಲ, ಎಲ್‌ಟಿ ಎಡ.

ಎಡಿಟ್ ಪಟ್ಟಿಯಲ್ಲಿ ಎರಡು ಕೋಡ್‌ಗಳ ಜೋಡಿಯ ಮುಂದೆ 0 ಇದ್ದರೆ ಯಾವ ಮಾಡಿಫೈಯರ್‌ನಿಂದಲೂ ಅವನ್ನು ಬೇರ್ಪಡಿಸಲಾಗದು. 1 ಇದ್ದರೆ, ನಿಜಕ್ಕೂ ಬೇರೆ ನರವೋ ಬೇರೆ ಜಾಗವೋ ಆಗಿದ್ದಾಗ 59 ಅಥವಾ ಎಕ್ಸ್‌ಎಸ್ ಬಳಸಬಹುದು. ಹಣ ಬರಲಿ ಎಂದು 59 ಹಾಕುವ ಚಾಳಿ ಆಡಿಟ್‌ನಲ್ಲಿ ಸಿಕ್ಕಿಬೀಳುತ್ತದೆ, ಆಗ ಪಡೆದ ಹಣವನ್ನು ಆಸ್ಪತ್ರೆ ಹಿಂದಿರುಗಿಸಬೇಕಾಗುತ್ತದೆ.

ಮೆಡಿಕೇರ್ ಲೆಕ್ಕದಲ್ಲಿ ಈ ಮುಖ್ಯ ಕೋಡ್‌ಗಳಿಗೆ 90 ದಿನಗಳ ಗ್ಲೋಬಲ್ ಅವಧಿ ಇದೆ. ಆ ಅವಧಿಯಲ್ಲಿ ಅದೇ ಶಸ್ತ್ರಚಿಕಿತ್ಸಕರ ಸಾಮಾನ್ಯ ಮರುಭೇಟಿಗಳಿಗೆ ಬೇರೆ ಹಣವಿಲ್ಲ. ನರ ದಿನಕ್ಕೆ ಸುಮಾರು ಒಂದು ಮಿಲಿಮೀಟರ್ ಮಾತ್ರ ಬೆಳೆಯುವುದರಿಂದ ರೋಗಿ ಅದನ್ನು ದಾಟಿಯೂ ಬರುತ್ತಲೇ ಇರುತ್ತಾರೆ. 90 ದಿನ ಕಳೆದ ನಂತರದ ಭೇಟಿಗಳಿಗೆ ಬಿಲ್ ಮಾಡಬಹುದು. ಅವಧಿಯ ಒಳಗೆ ಮೊದಲೇ ಯೋಜಿಸಿದ ಎರಡನೆಯ ಶಸ್ತ್ರಚಿಕಿತ್ಸೆಗೆ 58, ತೊಡಕಿನಿಂದ ಮತ್ತೆ ಕೊಠಡಿಗೆ ಒಯ್ದರೆ 78, ಸಂಬಂಧವಿಲ್ಲದ್ದಕ್ಕೆ 79.

ಎರಡು ಮಾದರಿಗಳು

ಕಲ್ಪಿತ ನೋಟ್ ಒಂದು: ಬಲ ಮುಂಗೈಯಲ್ಲಿ ಮೀಡಿಯನ್ ನರ ತುಂಡಾಗಿ ಮೂರು ತಿಂಗಳಾಗಿದೆ. ಗಾಯದ ಗಂಟನ್ನು ಕತ್ತರಿಸಿದ ಮೇಲೆ 5 ಸೆಂ.ಮೀ. ಅಂತರ ಉಳಿಯಿತು. ಎಡಗಾಲಿನ ಸೂರಲ್ ನರದಿಂದ ಮೂರು ಎಳೆಗಳ ಕೇಬಲ್ ಕೂರಿಸಿದರು. ಕೋಡ್: 64898-ಆರ್‌ಟಿ, ಗಾಯಕ್ಕೆ ಎಸ್54.11ಎಕ್ಸ್‌ಎ. ಸೂರಲ್ ನರ ತೆಗೆದದ್ದಕ್ಕೆ, ಗಂಟು ಕತ್ತರಿಸಿದ್ದಕ್ಕೆ, ತಡವಾದದ್ದಕ್ಕೆ ಬೇರೇನೂ ಇಲ್ಲ.

ಕಲ್ಪಿತ ನೋಟ್ ಎರಡು: ಗಾಜು ತಗುಲಿ ಬಲಗೈ ತೋರುಬೆರಳು ಸೀಳಿದೆ. ರೇಡಿಯಲ್ ಕಡೆಯ ನರದಲ್ಲಿ 2 ಸೆಂ.ಮೀ. ಅಂತರ, ಒಂದು ಎಳೆಯ ಅಲೋಗ್ರಾಫ್ಟ್. ಅಲ್ನರ್ ಕಡೆಯ ನರಕ್ಕೆ ನೇರ ಹೊಲಿಗೆ. ಎರಡನೆಯ ವಲಯದಲ್ಲಿ (ಅಂಗೈಯ ಮೇಲ್ತುದಿಯಿಂದ ಬೆರಳಿನ ನಡುಭಾಗದವರೆಗೆ) ಒಂದು ಮಡಿಸುವ ಸ್ನಾಯುರಜ್ಜಿನ ದುರಸ್ತಿಯೂ ಆಗಿದೆ. ಕೋಡ್: 64912-ಎಫ್6, 26356-ಎಫ್6, ಬೇರೆ ನರವಾದ್ದರಿಂದ ಎಡಿಟ್ ನೋಡಿಕೊಂಡು 64831-ಎಫ್6 ಜೊತೆಗೆ ಎಕ್ಸ್‌ಎಸ್ ಅಥವಾ 59. ಗಾಯಕ್ಕೆ ಎಸ್64.490ಎ, ಸ್ನಾಯುರಜ್ಜಿಗೆ ಎಸ್66.120ಎ, ಉಗುರಿಗೆ ಪೆಟ್ಟಿಲ್ಲದ, ಒಳಗೆ ಚೂರು ಉಳಿಯದ ಸೀಳುಗಾಯಕ್ಕೆ ಎಸ್61.210ಎ, ಗಾಜಿಗೆ ಡಬ್ಲ್ಯು25.ಎಕ್ಸ್‌ಎಕ್ಸ್‌ಎಕ್ಸ್‌ಎ. ಅಲೋಗ್ರಾಫ್ಟ್ ಇರುವುದರಿಂದ ಇಲ್ಲಿ 69990 ಎಂಬ ಯೋಚನೆ ಬೇಡ.

9. ಆಸ್ಪತ್ರೆಯ ಬಿಲ್ ಬೇರೆ

ಇಷ್ಟು ಹೊತ್ತು ಹೇಳಿದ್ದು ವೈದ್ಯರ ಸೇವೆಯ ಕ್ಲೇಮ್, ಅದು ಸಿಎಂಎಸ್-1500 ನಮೂನೆಯಲ್ಲಿ ಹೋಗುತ್ತದೆ. ಆಸ್ಪತ್ರೆಯದು ಯುಬಿ-04. ಕೊಳವೆ, ಅಲೋಗ್ರಾಫ್ಟ್‌ಗಳ ವಸ್ತುವಿನ ಬೆಲೆಯನ್ನು ತೋರಿಸುವುದು ಆಸ್ಪತ್ರೆಯ ಕಡೆ, ಸಾಮಾನ್ಯವಾಗಿ ಖರ್ಚಿನ ಬಗೆಯನ್ನು ಹೇಳುವ ರೆವಿನ್ಯೂ ಕೋಡ್ 0278ರಡಿ. ಆಸ್ಪತ್ರೆ ಕೊಂಡ ವಸ್ತುವನ್ನು ವೈದ್ಯರ ಕ್ಲೇಮ್‌ಗೆ ಸೇರಿಸಬೇಡಿ.

ಒಳರೋಗಿಯಾದರೆ ಆಸ್ಪತ್ರೆಯ ಕೋಡರ್ ಬಳಸುವುದು ಐಸಿಡಿ-10-ಪಿಸಿಎಸ್, ಅಂದರೆ ಒಳರೋಗಿಗೆ ಮಾಡಿದ ಚಿಕಿತ್ಸೆಯ ಕೋಡ್‌ಗಳು. ಅಲ್ಲಿ ನಿಯಮ ತಲೆಕೆಳಗು: ಬೇರೆ ಜಾಗದಿಂದ ತೆಗೆದ ಆಟೋಗ್ರಾಫ್ಟ್‌ಗೆ, ಕೋಡಿನ ಏಳನೆಯ ಅಕ್ಷರ ಆ ಜಾಗವನ್ನು ಪೂರ್ತಿ ಹೇಳದಿದ್ದರೆ, ಪ್ರತ್ಯೇಕ ಕೋಡ್ ಹಾಕಬೇಕು. ಸಿಪಿಟಿಯಿಂದ ಪಿಸಿಎಸ್ ವಿಭಾಗಕ್ಕೆ ವರ್ಗವಾಗಿ ಬಂದವರು ಸೂರಲ್ ನರವನ್ನು ಮರೆಯುವುದು ಇದೇ ಕಾರಣಕ್ಕೆ.

10. ಹಣ ತಡೆದಾಗ

ಪೂರ್ವಾನುಮತಿ ಇತ್ತೇ ಎಂದು ಮೊದಲು ನೋಡಿ. ಕೆಲವು ಬಳಕೆಗಳಲ್ಲಿ ಅಲೋಗ್ರಾಫ್ಟ್ ಅನ್ನು ಇನ್ನೂ ಪ್ರಾಯೋಗಿಕ ಎಂದು ಪರಿಗಣಿಸುವ ವಿಮಾ ಕಂಪನಿಗಳಿವೆ. ಅನುಮತಿ ಪಡೆದದ್ದು 64890ಕ್ಕೆ, ಮಾಡಿದ್ದು 64912 ಎಂದಾದರೆ ಕ್ಲೇಮ್ ನಿಲ್ಲುತ್ತದೆ. ಕೊಠಡಿಯಲ್ಲಿ ಯೋಜನೆ ಬದಲಾದದ್ದನ್ನು ವಿಮಾ ಕಂಪನಿಗೆ ಕೂಡಲೇ ತಿಳಿಸುವಂತೆ ಆಸ್ಪತ್ರೆಯವರಿಗೆ ಹೇಳಿ.

ಹಣ ತಡೆದ ಕಾರಣವನ್ನು ವಿಮಾ ಕಂಪನಿ ಒಂದು ಸಂಕೇತದಲ್ಲಿ ತಿಳಿಸುತ್ತದೆ. ಸಿಒ-97 ಬಂದರೆ ಒಂದು ಕೋಡ್ ಇನ್ನೊಂದರಲ್ಲಿ ಅಡಕ ಎಂದರ್ಥ, 5ನೆಯ ಹಂತಕ್ಕೆ ಮರಳಿ. ಸಿಒ-4 ಬಂದರೆ ಮಾಡಿಫೈಯರ್ ಹೊಂದುತ್ತಿಲ್ಲ. ಸಿಒ-11 ಬಂದರೆ ಗಾಯದ ಕೋಡಿಗೂ ಶಸ್ತ್ರಚಿಕಿತ್ಸೆಗೂ ತಾಳೆಯಿಲ್ಲ, ಬೆರಳೋ ಬದಿಯೋ ಅದಲುಬದಲಾಗಿರಬಹುದು. ಸಿಒ-197 ಪೂರ್ವಾನುಮತಿಯ ಕೊರತೆ. ಸಿಒ-50 ಎಂದರೆ ವೈದ್ಯಕೀಯ ಅಗತ್ಯ ಒಪ್ಪಿಲ್ಲ. ಆಗ ಮೇಲ್ಮನವಿಗೆ ನೋಟ್‌ನ ಪ್ರತಿಯೊಂದಿಗೆ ಅಂತರದ ಅಳತೆ, ನೇರ ಹೊಲಿಗೆ ಏಕೆ ಆಗಲಿಲ್ಲ ಎಂಬ ಶಸ್ತ್ರಚಿಕಿತ್ಸಕರ ಸಾಲು, ನರದ ವಹನ ಪರೀಕ್ಷೆಯ ವರದಿ ಇದ್ದರೆ ಅದು, ಇಷ್ಟನ್ನೂ ಲಗತ್ತಿಸಿ.

ಸರ್ಕಾರವೇ ನೇರವಾಗಿ ನಡೆಸುವ ಮೂಲ ಮೆಡಿಕೇರ್‌ಗೆ ಕ್ಲೇಮ್ ಸಲ್ಲಿಸಲು ಚಿಕಿತ್ಸೆಯ ದಿನದಿಂದ ಒಂದು ವರ್ಷದ ಗಡುವಿದೆ. ನಿರ್ಧಾರದ ಪತ್ರ ಕೈಸೇರಿದ 120 ದಿನಗಳೊಳಗೆ ಮೊದಲ ಹಂತದ ಮೇಲ್ಮನವಿ ಹೋಗಬೇಕು. ಖಾಸಗಿ ಕಂಪನಿಗಳ ಗಡುವು ಇದಕ್ಕಿಂತ ಎಷ್ಟೋ ಕಡಿಮೆ ಇರಬಹುದು, ಒಪ್ಪಂದ ತೆರೆದು ನೋಡಿ. ಕ್ಲೇಮ್ ಹಿಂದಿರುಗಿದ ದಿನವೇ ಆ ತಾರೀಖನ್ನು ಫೈಲಿನ ಮೊದಲ ಸಾಲಿನಲ್ಲಿ ನಮೂದಿಸಿ.